ಕಪಾಟಿನಲ್ಲಿರುವ ವಿಡಿಯೋ ಕ್ಯಾಸೆಟ್‌ಗಳನ್ನು ಈಗಲೇ ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕು

ಮಾನ್ಯ ಸಂಪಾದಕರೇ,

ಕಾಸರಗೋಡು ಜಿಲ್ಲೆಯ ಕನ್ನಡಿಗರ ಮನೆಗಳಲ್ಲಿ ಹಳೆಯ ಹ್ಯಾಂಡಿಕ್ಯಾಮ್‌ಗಳಿಂದ ತೆಗೆದ ವಿಡಿಯೋ ಕ್ಯಾಸೆಟ್‌ಗಳು ಇನ್ನೂ ಸಾಕಷ್ಟು ಉಳಿದಿವೆ. ಅವುಗಳಲ್ಲಿರುವುದನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವ ಕೆಲಸವನ್ನು ಇನ್ನು ಮುಂದೂಡಬಾರದು. ಒಂದೊಂದು ಮನೆಯವರೂ ಬೇರೆ ಬೇರೆಯಾಗಿ ಪರದಾಡುವ ಬದಲು ನಮ್ಮ ಗ್ರಂಥಾಲಯಗಳೂ ಕನ್ನಡ ಶಾಲೆಗಳೂ ಕೈಜೋಡಿಸಿ ಇದನ್ನು ಊರಿನ ಕೆಲಸವಾಗಿ ಮಾಡಬೇಕು ಎಂಬ ವಿಚಾರವನ್ನು ತಮ್ಮ ಪತ್ರಿಕೆಯ ಮೂಲಕ ಓದುಗರ ಮುಂದಿಡಲು ಬಯಸುತ್ತೇನೆ. ಪತ್ರ ದೀರ್ಘವಾಗಿದೆ. ಅರ್ಧಂಬರ್ಧ ತಿಳಿದು ಕೈಹಾಕಿದರೆ ಇರುವ ಕ್ಯಾಸೆಟ್ಟೂ ಹಾಳಾಗುವ ಕೆಲಸ ಇದಾದ್ದರಿಂದ ವಿವರಗಳನ್ನು ಬಿಡಲು ಮನಸ್ಸಾಗಲಿಲ್ಲ. ದಯವಿಟ್ಟು ಸ್ಥಳಾವಕಾಶ ಮಾಡಿಕೊಡಬೇಕು.

ನಮ್ಮ ಕಡೆಗೆ ಮನೆಬಳಕೆಯ ವಿಡಿಯೋ ಕ್ಯಾಮೆರಾ ಮಂಗಳೂರಿನ ಅಂಗಡಿಗಳಿಂದ ಬಂದದ್ದಕ್ಕಿಂತ ಹೆಚ್ಚಾಗಿ ದುಬಾಯಿ, ಮಸ್ಕತ್, ದೋಹಾಗಳಲ್ಲಿ ದುಡಿಯುತ್ತಿದ್ದವರ ಪೆಟ್ಟಿಗೆಗಳಲ್ಲಿ ಬಂತು. ಸೋನಿ ಕಂಪನಿಯ ವಿಡಿಯೋ-8 ಮಾದರಿ 1985ರಲ್ಲಿಯೂ ಅದರ ಸುಧಾರಿತ ರೂಪವಾದ ಹೈ-8 1989ರಲ್ಲಿಯೂ ಮಾರುಕಟ್ಟೆಗೆ ಬಂದವು. 1995ರಲ್ಲಿ ಮಿನಿ-ಡಿವಿ ಬಂತು, 1999ರಲ್ಲಿ ಡಿಜಿಟಲ್-8. ರಜೆಯಲ್ಲಿ ಊರಿಗೆ ಬಂದ ಮಗನೋ ಬಾವನೋ ಕೊಟ್ಟುಹೋದ ಆ ಕ್ಯಾಮೆರಾಗಳು ಒಂದು ಮನೆಯಲ್ಲಿದ್ದರೆ ಇಡೀ ಕುಟುಂಬದ, ಎಷ್ಟೋ ಸಲ ಇಡೀ ಗ್ರಾಮದ ಸಮಾರಂಭಗಳಿಗೆಲ್ಲ ಓಡಾಡುತ್ತಿದ್ದವು. ಪೇಟೆಯ ಸ್ಟುಡಿಯೋದವರು ತೆಗೆದುಕೊಟ್ಟ ಮದುವೆಯ ವಿಎಚ್ಎಸ್ ಕ್ಯಾಸೆಟ್‌ಗಳದ್ದು ಬೇರೆಯೇ ಒಂದು ರಾಶಿ. ಮೊಬೈಲಿನಲ್ಲಿಯೇ ವಿಡಿಯೋ ತೆಗೆಯುವ ಕಾಲ ಬಂದ ಮೇಲೆ ಇವೆಲ್ಲ ಕಪಾಟಿನ ಕೆಳಗಿನ ಅರೆಯನ್ನೋ ಅಟ್ಟವನ್ನೋ ಸೇರಿದವು.

ಮದುವೆ, ಉಪನಯನ, ಗೃಹಪ್ರವೇಶಗಳ ಚಿತ್ರ ಆಯಾ ಮನೆಯವರಿಗಷ್ಟೇ ಬೇಕಾದದ್ದು, ಊರಿಗೆ ಅದರಿಂದೇನು ಎಂದು ಕೇಳುವವರಿದ್ದಾರೆ. ಈ ಮಾತನ್ನು ನಾನು ಒಪ್ಪುವುದಿಲ್ಲ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಇಲ್ಲಿನ ಕನ್ನಡದ ಬದುಕು ಎರಡು ರಾಜ್ಯಗಳ ಕಣ್ಣಿಗೂ ಅಂಚಿನದ್ದಾಗಿಯೇ ಉಳಿಯಿತು. ತಿರುವನಂತಪುರದಿಂದ ಹೊರಟ ಕ್ಯಾಮೆರಾ ಮಲಯಾಳವನ್ನು ಅರಸಿಕೊಂಡು ಹೋಯಿತು. ಬೆಂಗಳೂರಿನಿಂದ ಹೊರಟದ್ದು ಗಡಿಯ ತಲಪಾಡಿ ದಾಟಿ ಈಚೆ ಬಂದದ್ದು ಕಡಿಮೆ. ಹೀಗಿರುವಾಗ ತೊಂಬತ್ತರ ದಶಕದ ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಉಪ್ಪಳಗಳ ಜನ ಹೇಗೆ ಮಾತನಾಡುತ್ತಿದ್ದರು, ಯಾವ ಹಾಡು ಹಾಡುತ್ತಿದ್ದರು, ಚಪ್ಪರ ಹೇಗೆ ಕಟ್ಟುತ್ತಿದ್ದರು ಎಂಬುದಕ್ಕೆ ಮನೆಯ ಈ ಕ್ಯಾಸೆಟ್‌ಗಳನ್ನು ಬಿಟ್ಟರೆ ಚಲನಚಿತ್ರದ ದಾಖಲೆ ಹೆಚ್ಚೇನೂ ಸಿಗಲಾರದು. ನೆರೆಮನೆಯವರ ಒಂದು ಹೈ-8 ಕ್ಯಾಸೆಟ್ಟಿನಲ್ಲಿ ಧಾರೆಯ ಹೊತ್ತಿಗೆ ಮಂಟಪದಲ್ಲಿರಬೇಕಾದ ಕ್ಯಾಮೆರಾ ಹೇಗೋ ಅಡುಗೆಯ ಚಪ್ಪರದ ಕಡೆಗೆ ತಿರುಗಿದೆ. ಅಲ್ಲಿ ತರಕಾರಿ ಹೆಚ್ಚುತ್ತಾ ಕುಳಿತ ಹಿರಿಯರು ಅಡಿಕೆಯ ಧಾರಣೆಯ ಬಗ್ಗೆ ಚರ್ಚಿಸುತ್ತಿದ್ದಾರೆ; ಹವ್ಯಕ ಕನ್ನಡದಲ್ಲಿ ಆರಂಭವಾದ ಮಾತು ತುಳುವಿಗೆ ಹೊರಳಿ, ಪಾತ್ರೆ ಇಳಿಸಲು ಬಂದವರೊಡನೆ ಮಲಯಾಳವಾಗಿ, ಮತ್ತೆ ಕನ್ನಡಕ್ಕೆ ಬಂದು ನಿಲ್ಲುತ್ತದೆ. ಅತ್ತ ಚಾವಡಿಯಲ್ಲಿ ಅಜ್ಜಿಯೊಬ್ಬರು ಶೋಭಾನೆ ಹಾಡುತ್ತಾ ಒಂದು ಸಾಲಿನಲ್ಲಿ ತಡವರಿಸುತ್ತಾರೆ, ಪಕ್ಕದಲ್ಲಿದ್ದ ಹುಡುಗಿ ಮುಂದಿನ ಸಾಲನ್ನು ನೆನಪಿಸುತ್ತಾಳೆ. ಸಪ್ತಭಾಷಾ ಸಂಗಮ ಭೂಮಿ ಎಂದು ನಾವು ವೇದಿಕೆಗಳಲ್ಲಿ ಹೇಳಿಕೊಳ್ಳುವ ಊರಿನ ನಿಜವಾದ ಮಾತು ಕೇಳಬೇಕೆಂದರೆ ಇಂಥ ಕಡೆಯೇ ಕೇಳಬೇಕು.

ತಾಳಮದ್ದಳೆಯ ವಿಷಯದಲ್ಲಂತೂ ಈ ಕ್ಯಾಸೆಟ್‌ಗಳಿಗೆ ಪರ್ಯಾಯವೇ ಇಲ್ಲ. ಪ್ರಸಂಗದ ಪುಸ್ತಕದಲ್ಲಿ ಪದ್ಯಗಳು ಮಾತ್ರ ಇರುತ್ತವೆ. ಪಾತ್ರವಾಗಿ ಮಾತನಾಡುವ ಅರ್ಥಧಾರಿಯ ಮಾತು ಆ ರಾತ್ರಿ ಹುಟ್ಟಿ ಆ ರಾತ್ರಿಗೇ ಮುಗಿಯುವಂಥದ್ದು. ಯಾರಾದರೂ ಹಿಡಿದಿಟ್ಟಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಹೆಸರಾಂತ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರು 2006ರಲ್ಲಿ ತೀರಿಕೊಂಡರು. ಕವಿ ಕಯ್ಯಾರ ಕಿಞ್ಞಣ್ಣ ರೈಗಳು 2015ರಲ್ಲಿ ನೂರು ವರ್ಷ ತುಂಬಿದ ಮೇಲೆ ನಮ್ಮನ್ನಗಲಿದರು. ಎಡನೀರು ಮಠದ ಶ್ರೀ ಕೇಶವಾನಂದ ಭಾರತೀ ಸ್ವಾಮೀಜಿಯವರ ಹೆಸರು 1973ರ ಸುಪ್ರೀಂ ಕೋರ್ಟಿನ ತೀರ್ಪಿನ ಕಾರಣದಿಂದ ದೇಶಕ್ಕೆಲ್ಲ ಗೊತ್ತು. ಅವರು ಯಕ್ಷಗಾನದ ಪದ್ಯಗಳನ್ನು ಹಾಡುತ್ತಿದ್ದುದನ್ನು ಬಲ್ಲವರು ಈ ಸೀಮೆಯವರೇ. ಅವರೂ 2020ರಲ್ಲಿ ಬ್ರಹ್ಮೈಕ್ಯರಾದರು. ಇಂಥವರು ಭಾಗವಹಿಸಿದ ಶಾಲಾ ವಾರ್ಷಿಕೋತ್ಸವ, ಬ್ರಹ್ಮಕಲಶೋತ್ಸವ, ಕೂಟಗಳಲ್ಲಿ ಮೂಲೆಯಲ್ಲಿ ನಿಂತು ಚಿತ್ರೀಕರಿಸಿದ ಹವ್ಯಾಸಿಗಳು ಎಷ್ಟೋ ಮಂದಿ ಇದ್ದಿರಬೇಕು. ಆ ಕ್ಯಾಸೆಟ್‌ಗಳು ಯಾರ ಮನೆಯಲ್ಲಿವೆ ಎಂದು ಹುಡುಕಿಕೊಂಡು ಹೋಗುವವರು ಇಂದಿಗೂ ಇಲ್ಲ.

ಮುಂದೂಡಬಾರದು ಎನ್ನುವುದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು ಟೇಪಿನದ್ದು. ಪ್ಲಾಸ್ಟಿಕ್ಕಿನ ತೆಳು ಪಟ್ಟಿಯ ಮೇಲೆ ಕಾಂತೀಯ ಕಣಗಳನ್ನು ಒಂದು ಅಂಟಿನಿಂದ ಹಿಡಿದಿಟ್ಟಿರುತ್ತಾರೆ. ಆ ಅಂಟು ತೇವವನ್ನು ಹೀರಿಕೊಂಡು ವರ್ಷ ಕಳೆದಂತೆ ಶಿಥಿಲವಾಗುತ್ತದೆ. ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ, ಜೂನ್ ತಿಂಗಳಲ್ಲಿ ಚಪ್ಪಲಿಗೂ ಚರ್ಮದ ಬೆಲ್ಟಿಗೂ ಬೂಷ್ಟು ಹಿಡಿಯುವ ನಮ್ಮೂರಿನಲ್ಲಿ ಟೇಪಿಗೆ ಬೂಷ್ಟು ಹಿಡಿಯದೆ ಇರುವುದೇ ಆಶ್ಚರ್ಯ. ಎರಡನೆಯದು ಯಂತ್ರದ್ದು. ಟೇಪು ಚೆನ್ನಾಗಿದ್ದರೂ ಅದನ್ನು ಓಡಿಸುವ ಸಾಧನ ಬೇಕಲ್ಲ. ಜಗತ್ತಿನಲ್ಲಿ ಕೊನೆಯವರೆಗೂ ವಿಸಿಆರ್ ತಯಾರಿಸುತ್ತಿದ್ದ ಜಪಾನಿನ ಫುನೈ ಕಂಪನಿ 2016ರ ಜುಲೈಯಲ್ಲಿ ಅದನ್ನು ನಿಲ್ಲಿಸಿತು. ಟೇಪಿನ ಹ್ಯಾಂಡಿಕ್ಯಾಮ್‌ಗಳ ತಯಾರಿಕೆಯೂ ಯಾವತ್ತೋ ನಿಂತಿದೆ. ಇರುವ ಕ್ಯಾಮೆರಾಗಳ ರಬ್ಬರಿನ ಉರುಳೆ, ಬೆಲ್ಟು, ಹೆಡ್ಡುಗಳು ಸವೆದರೆ ಬದಲಿ ಬಿಡಿಭಾಗ ಸಿಗದು. ಅವುಗಳನ್ನು ಬಿಚ್ಚಿ ಕೂಡಿಸಬಲ್ಲ ಮೆಕ್ಯಾನಿಕ್‌ಗಳೂ ವಯಸ್ಸಾಗಿ ಅಂಗಡಿ ಮುಚ್ಚುತ್ತಿದ್ದಾರೆ. ಆಸ್ಟ್ರೇಲಿಯಾದ ರಾಷ್ಟ್ರೀಯ ಚಲನಚಿತ್ರ ಮತ್ತು ಧ್ವನಿ ಸಂಗ್ರಹಾಲಯವು 2015ರಲ್ಲಿಯೇ, 2025ರೊಳಗೆ ಡಿಜಿಟಲ್ ರೂಪಕ್ಕೆ ಬಾರದ ಟೇಪುಗಳು ಬಹುತೇಕ ಕೈತಪ್ಪಿದಂತೆಯೇ ಎಂದು ಎಚ್ಚರಿಸಿತ್ತು. ಯುನೆಸ್ಕೋ ಕೂಡ 2019ರಲ್ಲಿ ಕಾಂತೀಯ ಟೇಪುಗಳ ಕುರಿತಾಗಿಯೇ ಜಾಗತಿಕ ಎಚ್ಚರಿಕೆಯ ಯೋಜನೆಯೊಂದನ್ನು ಕೈಗೊಂಡಿತು. 2025ರ ಆ ಗಡುವೂ ಆಗಿಹೋಯಿತು.

ಇನ್ನು ಕೆಲಸದ ವಿಚಾರ. ಎಲ್ಲಕ್ಕಿಂತ ಮೊದಲು ಕೈಯಲ್ಲಿರುವ ಕ್ಯಾಸೆಟ್ಟು ಯಾವ ಜಾತಿಯದ್ದೆಂದು ನೋಡಿಕೊಳ್ಳಬೇಕು, ಏಕೆಂದರೆ ಮುಂದಿನ ದಾರಿ ಅದನ್ನೇ ಅವಲಂಬಿಸಿದೆ. ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದಾದ, ಡಿವಿ ಎಂಬ ಗುರುತಿರುವ ಕ್ಯಾಸೆಟ್ಟು ಮಿನಿ-ಡಿವಿ. ಅದರಲ್ಲಿ ಚಿತ್ರ ಅಂಕೆಗಳ ರೂಪದಲ್ಲಿ, ಅಂದರೆ ಡಿಜಿಟಲ್ ಆಗಿಯೇ ಇರುತ್ತದೆ. ಅದಕ್ಕಿಂತ ದೊಡ್ಡದಾದ 8 ಮಿಲಿಮೀಟರ್ ಟೇಪಿನ ಕ್ಯಾಸೆಟ್ಟಿನಲ್ಲಿ ವಿಡಿಯೋ-8, ಹೈ-8, ಡಿಜಿಟಲ್-8 ಎಂದು ಮೂರು ಬಗೆ. ಮೊದಲಿನ ಎರಡು ಅನಲಾಗ್, ಅಂದರೆ ಚಿತ್ರ ಅಂಕೆಗಳಾಗಿರದೆ ಅಲೆಯ ರೂಪದಲ್ಲಿರುವಂಥವು; ಮೂರನೆಯದು ಡಿಜಿಟಲ್. ಹೈ-8 ಎಂದು ಅಚ್ಚಾದ ಕ್ಯಾಸೆಟ್ಟಿನಲ್ಲಿಯೇ ಡಿಜಿಟಲ್-8 ಕ್ಯಾಮೆರಾದವರೂ ಚಿತ್ರೀಕರಿಸುತ್ತಿದ್ದುದರಿಂದ ಮೇಲಿನ ಅಚ್ಚನ್ನು ಪೂರ್ತಿ ನಂಬುವಂತಿಲ್ಲ. ಯಾವ ಕ್ಯಾಸೆಟ್ಟೇ ಆಗಲಿ, ಯಂತ್ರಕ್ಕೆ ಹಾಕುವ ಮೊದಲು ಅಂಚಿನಲ್ಲಿರುವ ಪುಟ್ಟ ಗುಂಡಿಯನ್ನು ಸರಿಸಿ, ಮೇಲೆ ಮತ್ತೆ ರೆಕಾರ್ಡ್ ಆಗದಂತೆ ಬೀಗ ಹಾಕಿಕೊಳ್ಳತಕ್ಕದ್ದು. ವಿಎಚ್ಎಸ್ ಆದರೆ ಹಿಂಬದಿಯ ಪ್ಲಾಸ್ಟಿಕ್ ಚೂರನ್ನು ಮುರಿಯಬೇಕು.

ಮಿನಿ-ಡಿವಿ ಮತ್ತು ಡಿಜಿಟಲ್-8 ಇದ್ದವರು ಪುಣ್ಯವಂತರು. ಇವುಗಳನ್ನು ಫೈರ್‌ವೈರ್ ಎಂಬ ಕೇಬಲ್ಲಿನ ಮೂಲಕ ಕಂಪ್ಯೂಟರಿಗೆ ಇಳಿಸಿದರೆ ಟೇಪಿನಲ್ಲಿದ್ದ ಅಂಕೆಗಳು ಹಾಗೆಯೇ ನಕಲಾಗುತ್ತವೆ, ಗುಣಮಟ್ಟ ಕೂದಲೆಳೆಯಷ್ಟೂ ಕುಗ್ಗುವುದಿಲ್ಲ. ಸೋನಿ ಕ್ಯಾಮೆರಾಗಳಲ್ಲಿ ಈ ಕಿಂಡಿಗೆ ಐ-ಲಿಂಕ್ ಎಂದೂ ಉಳಿದವುಗಳಲ್ಲಿ ಡಿವಿ ಎಂದೂ ಬರೆದಿರುತ್ತದೆ. ಅದೇ ಕ್ಯಾಮೆರಾದಲ್ಲಿ ಯುಎಸ್‌ಬಿ ಕಿಂಡಿಯೂ ಇರುವುದರಿಂದ ಹೆಚ್ಚಿನವರು ಎಡವುವುದು ಇಲ್ಲಿಯೇ: ಆ ಕಾಲದ ಬಹುತೇಕ ಕ್ಯಾಮೆರಾಗಳಲ್ಲಿ ಯುಎಸ್‌ಬಿ ಇದ್ದುದು ಮೆಮೊರಿ ಕಾರ್ಡಿನ ಫೋಟೋಗಳಿಗಾಗಿ, ಟೇಪಿನ ಚಿತ್ರ ಅದರಲ್ಲಿ ಬಂದರೂ ಅಂಚೆಚೀಟಿಯಷ್ಟು ಸಣ್ಣದಾಗಿ ಮಸುಕಾಗಿ ಬರುತ್ತದೆ. ಒಂದು ತುದಿಯಲ್ಲಿ ಫೈರ್‌ವೈರ್, ಇನ್ನೊಂದು ತುದಿಯಲ್ಲಿ ಯುಎಸ್‌ಬಿ ಇರುವ ಅಗ್ಗದ ಕೇಬಲ್ಲುಗಳೂ ಆನ್‌ಲೈನಿನಲ್ಲಿ ಮಾರಾಟಕ್ಕಿವೆ. ಅವು ಈ ಕೆಲಸಕ್ಕೆ ಬರುವುದಿಲ್ಲ. ಎರಡೂ ಬೇರೆ ಬೇರೆ ಭಾಷೆ ಆಡುವ ವ್ಯವಸ್ಥೆಗಳಾದ್ದರಿಂದ ತಂತಿ ಜೋಡಿಸಿದ ಮಾತ್ರಕ್ಕೆ ಒಂದನ್ನೊಂದು ಅರಿಯಲಾರವು. ಮೇಜಿನ ಕಂಪ್ಯೂಟರಿಗೆ ಒಂದು ಫೈರ್‌ವೈರ್ ಕಾರ್ಡನ್ನು ಕೂರಿಸಿಕೊಳ್ಳುವುದೇ ಸರಿಯಾದ ಉಪಾಯ. ಕೇಬಲ್ ಚುಚ್ಚುವಾಗ ಕ್ಯಾಮೆರಾ ಆರಿಸಿರಲಿ, ದಿಕ್ಕು ನೋಡಿ ಚುಚ್ಚಲಿ. ಕಂಪ್ಯೂಟರಿನ ಕಡೆಯ ಆರು ಸೂಜಿಯ ತುದಿಯಲ್ಲಿ ವಿದ್ಯುತ್ತೂ ಹರಿಯುವುದರಿಂದ ಉಲ್ಟಾ ತೂರಿಸಿದರೆ ಕ್ಯಾಮೆರಾದ ಕಿಂಡಿ ಸುಟ್ಟುಹೋದೀತು, ಆಮೇಲೆ ಆ ಕ್ಯಾಮೆರಾದಿಂದ ಪ್ರಯೋಜನವಿಲ್ಲ. ಹಳೆಯ ಬ್ಯಾಟರಿಯನ್ನು ನೆಚ್ಚದೆ ಅಡಾಪ್ಟರಿನಿಂದಲೇ ನಡೆಸಬೇಕು. ಒಂದು ಗಂಟೆಯ ಟೇಪು ಇಳಿಯಲು ಒಂದು ಗಂಟೆಯೇ ಬೇಕು. ಇದರಲ್ಲಿ ಯಾವ ಒಳದಾರಿಯೂ ಇಲ್ಲ.

ಈ ಬಾಗಿಲು ಕೂಡ ಮುಚ್ಚುತ್ತಾ ಬರುತ್ತಿದೆ. ಒಂದು ಕಾಲಕ್ಕೆ ಫೈರ್‌ವೈರನ್ನು ಮುನ್ನಡೆಸಿದ ಆಪಲ್ ಕಂಪನಿಯೇ 2025ರ ತನ್ನ ಮ್ಯಾಕ್‌ಓಎಸ್ 26ರಿಂದ ಅದನ್ನು ಕೈಬಿಟ್ಟಿದೆ. ವಿಂಡೋಸ್‌ನ ಹೊಸ ಆವೃತ್ತಿಗಳಲ್ಲಿ ಹಳೆಯ ಡ್ರೈವರ್ ಹುಡುಕಿ ಹಾಕುವ ರಗಳೆ ಇದೆ. ಲಿನಕ್ಸ್ ಎಂಬ ಉಚಿತ ಕಾರ್ಯಾಚರಣೆ ವ್ಯವಸ್ಥೆಯಲ್ಲಿ ಮಾತ್ರ ಇನ್ನೂ ನಿರಾಯಾಸವಾಗಿ ನಡೆಯುತ್ತದೆ; ಅದರ ಫೈರ್‌ವೈರ್ ವಿಭಾಗವನ್ನು 2029ರವರೆಗೆ ನೋಡಿಕೊಳ್ಳುವುದಾಗಿ ಅದರ ನಿರ್ವಾಹಕರು 2023ರಲ್ಲಿ ತಿಳಿಸಿದ್ದಾರೆ. ಕೇರಳದಲ್ಲಿರುವ ನಮಗೆ ಇದರಲ್ಲಿ ಒಂದು ಅನುಕೂಲವಿದೆ. ಇಲ್ಲಿನ ಸರಕಾರಿ ಮತ್ತು ಅನುದಾನಿತ ಶಾಲೆಗಳ ಕಂಪ್ಯೂಟರುಗಳಲ್ಲಿ ಬಹಳ ಹಿಂದಿನಿಂದಲೂ ಲಿನಕ್ಸ್ ಇರುವುದರಿಂದ, ಕನ್ನಡ ಮಾಧ್ಯಮದ ಮಕ್ಕಳು ಸಹ ಅದನ್ನು ಬಳಸಿಯೇ ಬೆಳೆದವರು. ಲಿನಕ್ಸ್‌ನಲ್ಲಿ ಡಿವಿಗ್ರ್ಯಾಬ್ ಎಂಬ ಉಚಿತ ತಂತ್ರಾಂಶವಿದೆ. ಮಿನಿ-ಡಿವಿ ಟೇಪಿನಲ್ಲಿ ಪ್ರತಿಯೊಂದು ಚಿತ್ರಚೌಕಟ್ಟಿನ ಜತೆಗೂ ಚಿತ್ರೀಕರಣದ ದಿನಾಂಕ ಮತ್ತು ಸಮಯ ಅಡಗಿರುತ್ತದೆ. ಡಿವಿಗ್ರ್ಯಾಬ್ ಅದನ್ನು ಓದಿ, ಕ್ಯಾಮೆರಾ ನಿಲ್ಲಿಸಿ ಮತ್ತೆ ಆರಂಭಿಸಿದಲ್ಲೆಲ್ಲ ಕಡತವನ್ನು ಬೇರ್ಪಡಿಸಿ, ಆ ದಿನಾಂಕವನ್ನೇ ಕಡತದ ಹೆಸರಾಗಿ ಇಡಬಲ್ಲದು. ಇಂಥ ಕೂಟ ಯಾವ ವರ್ಷದ್ದು ಎಂದು ಚರ್ಚೆಯಾಗುತ್ತಿರುವಾಗ ಟೇಪೇ ಉತ್ತರ ಕೊಡುತ್ತದೆ. ಕ್ಯಾಮೆರಾದ ಗಡಿಯಾರವನ್ನು ಸರಿಯಾಗಿ ಇಟ್ಟಿರದಿದ್ದರೆ ಆ ದಿನಾಂಕ ತಪ್ಪಾಗಿರಬಹುದು ಎಂಬುದನ್ನೂ ನೆನಪಿಡಬೇಕು. ಆದರೆ ಪೇಟೆಯಲ್ಲಿ ಕೊಟ್ಟು ಎಂಪಿ-4 ಮಾಡಿಸಿದರೆ ಈ ಮಾಹಿತಿ ಸಾಮಾನ್ಯವಾಗಿ ಉಳಿಯುವುದಿಲ್ಲ.

ವಿಡಿಯೋ-8, ಹೈ-8, ವಿಎಚ್ಎಸ್ ಇದ್ದವರು ಅನಲಾಗ್ ಸಂಕೇತವನ್ನು ಡಿಜಿಟಲ್ ಮಾಡುವ ಕ್ಯಾಪ್ಚರ್ ಸಾಧನವನ್ನು ನಡುವೆ ಇಡಬೇಕಾಗುತ್ತದೆ. ಕ್ಯಾಮೆರಾದಿಂದ ಹಳದಿ, ಬಿಳಿ, ಕೆಂಪು ತಂತಿಗಳು ಅದಕ್ಕೆ ಹೋಗಿ, ಅಲ್ಲಿಂದ ಯುಎಸ್‌ಬಿ ಮೂಲಕ ಕಂಪ್ಯೂಟರಿಗೆ ಬರುತ್ತವೆ. ಹೈ-8 ಕ್ಯಾಮೆರಾದಲ್ಲಿ ಎಸ್-ವಿಡಿಯೋ ಕಿಂಡಿ ಇದ್ದರೆ ಹಳದಿ ತಂತಿಯನ್ನು ಬಿಟ್ಟು ಅದನ್ನೇ ಬಳಸಬೇಕು; ಬಣ್ಣಗಳ ಅಂಚು ಎದ್ದು ಕಾಣುವಷ್ಟು ಸ್ವಚ್ಛವಾಗುತ್ತದೆ. ತಂತ್ರಾಂಶದಲ್ಲಿ ನಮ್ಮ ದೇಶದ ಟಿವಿಯ ಪಾಲ್ ಪದ್ಧತಿಯನ್ನು ಆರಿಸಿಕೊಳ್ಳಬೇಕು, ಚಿತ್ರದ ಗಾತ್ರ 720 ಅಡ್ಡ, 576 ಉದ್ದ. ಅಮೆರಿಕದಲ್ಲಿರುವ ಮಕ್ಕಳು ಕಳುಹಿಸಿದ ಕ್ಯಾಸೆಟ್ಟಾದರೆ ಅಲ್ಲಿನ ಎನ್‌ಟಿಎಸ್‌ಸಿ ಪದ್ಧತಿ ಇರುತ್ತದೆ. ಪದ್ಧತಿ ತಪ್ಪಿದರೆ ಚಿತ್ರ ಕಪ್ಪುಬಿಳುಪಾಗುತ್ತದೆ ಅಥವಾ ಉರುಳುತ್ತಲೇ ಇರುತ್ತದೆ. ಯಾರಲ್ಲಾದರೂ ಡಿಜಿಟಲ್-8 ಕ್ಯಾಮೆರಾ ಇದ್ದರೆ ಇದಕ್ಕಿಂತ ಉತ್ತಮ ದಾರಿಯಿದೆ: ಅವುಗಳಲ್ಲಿ ಅನೇಕ ಮಾದರಿಗಳು ಹಳೆಯ ವಿಡಿಯೋ-8 ಮತ್ತು ಹೈ-8 ಟೇಪುಗಳನ್ನೂ ಓಡಿಸಿ ಫೈರ್‌ವೈರಿನಲ್ಲಿಯೇ ಹೊರಕ್ಕೆ ಕೊಡುತ್ತವೆ. ಹಾಗಾಗಿ ಕೆಟ್ಟಿಲ್ಲದ ಡಿಜಿಟಲ್-8 ಕ್ಯಾಮೆರಾವನ್ನು ದಯವಿಟ್ಟು ಯಾರೂ ಗುಜರಿಗೆ ಹಾಕಬಾರದು. ಹೆಚ್ಚು ಹೊತ್ತು ಹಿಡಿಯಲೆಂದು ಎಲ್‌ಪಿ ವೇಗದಲ್ಲಿ ರೆಕಾರ್ಡ್ ಮಾಡಿದ ಟೇಪುಗಳು ಬೇರೆ ಕ್ಯಾಮೆರಾದಲ್ಲಿ ಸರಿಯಾಗಿ ಓಡದಿರುವುದೂ ಉಂಟು. ಆದ್ದರಿಂದ ಯಾವ ಕ್ಯಾಮೆರಾದಲ್ಲಿ ತೆಗೆದದ್ದೋ ಅದನ್ನೇ ಮೊದಲು ಪ್ರಯತ್ನಿಸುವುದು ಒಳ್ಳೆಯದು.

ಬೂಷ್ಟಿನ ವಿಷಯದಲ್ಲಿ ಅವಸರ ಬೇಡ. ಕ್ಯಾಸೆಟ್ಟಿನ ಪಾರದರ್ಶಕ ಕಿಟಕಿಯಿಂದ ಟಾರ್ಚು ಹಾಕಿ ನೋಡಿದಾಗ ಸುರುಳಿಯ ಅಂಚಿನಲ್ಲಿ ಬಿಳಿಯ ಪುಡಿ ಅಥವಾ ಎಳೆಗಳು ಕಂಡರೆ ಅದನ್ನು ಯಂತ್ರಕ್ಕೆ ಹಾಕಲೇಕೂಡದು. ಹಾಕಿದರೆ ಟೇಪು ಅಂಟಿಕೊಂಡು ಹರಿಯಬಹುದು, ಹೆಡ್ಡಿಗೆ ಮೆತ್ತಿಕೊಂಡ ಬೂಷ್ಟು ಆಮೇಲೆ ಹಾಕಿದ ಒಳ್ಳೆಯ ಕ್ಯಾಸೆಟ್ಟಿಗೂ ತಗಲುತ್ತದೆ. ಅಂಥದ್ದನ್ನು ಬೇರೆಯಾಗಿ ಸಿಲಿಕಾ ಜೆಲ್ ಪೊಟ್ಟಣಗಳೊಡನೆ ಗಾಳಿಯಾಡದ ಡಬ್ಬಿಯಲ್ಲಿಟ್ಟು, ಶುಚಿಗೊಳಿಸಲು ಬಲ್ಲವರ ಕೈಗೆ ಕೊಡಬೇಕು. ಬಿಸಿಲಿಗೆ ಹಾಕಿ ಒಣಗಿಸುವ ನಮ್ಮ ಅಡಿಕೆಯ ಅಭ್ಯಾಸ ಇಲ್ಲಿ ಕೂಡದು. ಮಳೆಗಾಲದಲ್ಲಿ ಸೋನಿ ಕ್ಯಾಮೆರಾಗಳ ಪರದೆಯ ಮೇಲೆ ಸಿ:21 ಎಂಬ ಸಂಕೇತ ಮೂಡಿದರೆ ಕ್ಯಾಮೆರಾ ಕೆಟ್ಟಿತೆಂದು ಗಾಬರಿಯಾಗಬೇಕಾಗಿಲ್ಲ. ಒಳಗೆ ತೇವ ಹನಿಗಟ್ಟಿದೆ ಎಂದಷ್ಟೇ ಅದರ ಅರ್ಥ. ಕ್ಯಾಸೆಟ್ಟನ್ನು ಹೊರತೆಗೆದು ಮುಚ್ಚಳ ತೆರೆದಿಟ್ಟು ಒಂದು ಗಂಟೆಯಷ್ಟು ಹೊತ್ತು ಬಿಟ್ಟರೆ ಸರಿಹೋಗುತ್ತದೆ. ಸಿ:22 ಎಂದು ಬಂದರೆ ಹೆಡ್ಡಿನಲ್ಲಿ ಕೊಳೆ ಇದೆ, ಕ್ಲೀನಿಂಗ್ ಕ್ಯಾಸೆಟ್ ಬಳಸಬೇಕು. ವರ್ಷಗಟ್ಟಲೆ ಮುಟ್ಟದ ಟೇಪನ್ನು ಪ್ಲೇ ಮಾಡುವ ಮೊದಲು ಒಮ್ಮೆ ಕೊನೆಯವರೆಗೂ ಮುಂದಕ್ಕೋಡಿಸಿ ಮತ್ತೆ ಹಿಂದಕ್ಕೆ ಸುತ್ತಿದರೆ ಸುರುಳಿಯ ಬಿಗಿ ಒಂದೇ ಸಮವಾಗುತ್ತದೆ.

ಹಣ ಕೊಟ್ಟು ಹೊರಗೆ ಮಾಡಿಸುವವರಿಗೂ ಒಂದು ಮಾತು. ನಮ್ಮ ಬಂಧುಗಳೊಬ್ಬರು ತಮ್ಮ ಮಗಳ ಮದುವೆಯ ಕ್ಯಾಸೆಟ್‌ಗಳನ್ನು ಪೇಟೆಯ ಒಂದು ಸ್ಟುಡಿಯೋಕ್ಕೆ ಕೊಟ್ಟಿದ್ದರು. ಮೂರು ಗಂಟೆಯ ಮದುವೆ ಒಂದು ಸಿನಿಮಾ ಹಾಡಿನ ಹಿನ್ನೆಲೆಯೊಂದಿಗೆ ಪೆನ್‌ಡ್ರೈವಿನಲ್ಲಿ ಬಂತು. ಪುರೋಹಿತರ ಮಂತ್ರ, ನಾದಸ್ವರ, ಹೆಂಗಸರ ಹಾಡು ಯಾವುದೂ ಕೇಳಿಸದು. ಟಿವಿಯ ಅಗಲಕ್ಕೆ ಹೊಂದಲೆಂದು ಚಿತ್ರವನ್ನು ಅಡ್ಡಕ್ಕೆ ಎಳೆದದ್ದರಿಂದ ದಿಬ್ಬಣದವರೆಲ್ಲ ಕುಳ್ಳರೂ ದಪ್ಪನೆಯವರೂ ಆಗಿ ಕಾಣುತ್ತಾರೆ. ಇನ್ನು ಇದರ ಅಗತ್ಯವಿಲ್ಲವೆಂದು ಮೂಲ ಕ್ಯಾಸೆಟ್‌ಗಳನ್ನು ಅಂಗಡಿಯವರೇ ಬಿಸಾಡಿದ್ದರು. ಆ ಕುಟುಂಬಕ್ಕೆ ಆದ ನಷ್ಟವನ್ನು ತುಂಬಿಕೊಡಲು ಈಗ ಯಾರಿಂದಲೂ ಆಗದು. ಕೊಡುವಾಗಲೇ ಸ್ಪಷ್ಟವಾಗಿ ಹೇಳಬೇಕು: ಮೂಲ ಧ್ವನಿ ಹಾಗೆಯೇ ಇರಬೇಕು, ಚಿತ್ರದ ಅನುಪಾತ ನಾಲ್ಕಕ್ಕೆ ಮೂರು ಇರಬೇಕು, ಸಂಕುಚಿಸದ ಮೂಲ ಕಡತವನ್ನೂ ಕೊಡಬೇಕು, ಕ್ಯಾಸೆಟ್ಟು ಮರಳಿ ಮನೆಗೆ ಬರಬೇಕು.

ಮೂಲ ಕಡತವನ್ನು ಇಟ್ಟುಕೊಳ್ಳಬೇಕೆಂದು ಒತ್ತಾಯಿಸಲು ಯಕ್ಷಗಾನವೇ ಉದಾಹರಣೆ. ಹಳೆಯ ಕ್ಯಾಮೆರಾಗಳು ಸೆಕೆಂಡಿಗೆ 25 ಪೂರ್ಣ ಚಿತ್ರಗಳನ್ನು ತೆಗೆಯುವ ಬದಲು ಒಂದು ಸಲ ಬೆಸ ಗೆರೆಗಳು, ಮತ್ತೊಂದು ಸಲ ಸಮ ಗೆರೆಗಳು ಎಂದು 50 ಅರ್ಧಚಿತ್ರಗಳನ್ನು ತೆಗೆಯುತ್ತಿದ್ದವು. ಇದನ್ನು ಇಂಟರ್‌ಲೇಸ್ ಎನ್ನುತ್ತಾರೆ. ಹಳೆಯ ಟಿವಿಯಲ್ಲಿ ಇದು ಗೊತ್ತಾಗುತ್ತಿರಲಿಲ್ಲ. ಕಂಪ್ಯೂಟರಿನ ಪರದೆಯಲ್ಲಿ ಎರಡು ಅರ್ಧಗಳೂ ಒಮ್ಮೆಗೇ ಕಾಣುವುದರಿಂದ, ಪುಂಡುವೇಷದವನು ಧೀಂಗಿಣ ಹೊಡೆಯುವಾಗ ಕೈಕಾಲುಗಳ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನಂಥ ಗೆರೆಗಳು ಏಳುತ್ತವೆ. ಇದನ್ನು ಸರಿಪಡಿಸಲು ಕೆಲವರು ಅರ್ಧಚಿತ್ರಗಳಲ್ಲಿ ಒಂದನ್ನು ಎಸೆದುಬಿಡುತ್ತಾರೆ; ಗೆರೆ ಹೋಗುತ್ತದೆ, ಅದರೊಡನೆ ಕುಣಿತದ ಅರ್ಧ ಚಲನೆಯೂ ಹೋಗುತ್ತದೆ. ಎರಡೂ ಅರ್ಧಗಳನ್ನು ಬಿಡಿಸಿ ಸೆಕೆಂಡಿಗೆ 50 ಚಿತ್ರಗಳಾಗಿ ಮಾಡಿದರೆ ತಿರುಗುವ ವೇಷದ ಓಟ ಕಣ್ಣಿಗೆ ಮೊದಲಿನಂತೆಯೇ ಸಲೀಸಾಗಿ ಕಾಣುತ್ತದೆ. ಹ್ಯಾಂಡ್‌ಬ್ರೇಕ್, ಎಫ್ಎಫ್ಎಂಪೆಗ್ ಮುಂತಾದ ಉಚಿತ ತಂತ್ರಾಂಶಗಳಲ್ಲಿ ಈ ಆಯ್ಕೆ ಇದೆ. ಮೂಲ ಕಡತ ಕೈಯಲ್ಲಿದ್ದರೆ ಇಂದಲ್ಲ ನಾಳೆ ಇದಕ್ಕಿಂತ ಒಳ್ಳೆಯ ವಿಧಾನ ಬಂದಾಗ ಮತ್ತೆ ಮಾಡಿಕೊಳ್ಳಬಹುದು. ಒಮ್ಮೆ ಎಸೆದ ಅರ್ಧವನ್ನು ಮರಳಿ ತರಲಾಗದು.

ಡಿವಿ ಕಡತ ಗಂಟೆಗೆ ಸುಮಾರು 13 ಜಿಬಿ ಜಾಗ ಹಿಡಿಯುತ್ತದೆ. ಇಂದಿನ ಒಂದು ಟಿಬಿ ಹಾರ್ಡ್‌ಡಿಸ್ಕಿನಲ್ಲಿ ಎಪ್ಪತ್ತೈದು ಗಂಟೆಯಷ್ಟು ಹಿಡಿಸುವುದರಿಂದ ಇದು ದೊಡ್ಡ ಹೊರೆಯೇನೂ ಆಗಲಾರದು. ಫ್ಯಾಟ್-32 ರೀತಿಯಲ್ಲಿ ಸಿದ್ಧಪಡಿಸಿದ ಪೆನ್‌ಡ್ರೈವಿಗೆ ಹಾಕಹೊರಟರೆ ಮಾತ್ರ ಒಂದೊಂದು ಕಡತಕ್ಕೂ 4 ಜಿಬಿಗೆ, ಅಂದರೆ ಸುಮಾರು 20 ನಿಮಿಷಕ್ಕೆ ತಡೆಯಾಗುತ್ತದೆ. ಎಕ್ಸ್‌ಫ್ಯಾಟ್ ಮಾಡಿಕೊಂಡರೆ ತೊಂದರೆಯಿಲ್ಲ. ನೋಡಲು, ಹಂಚಲು ಸಣ್ಣ ಎಂಪಿ-4 ಪ್ರತಿ ಬೇರೆ ಇರಲಿ. ಮೂಲದ ಪ್ರತಿ ಎರಡು ಡಿಸ್ಕುಗಳಲ್ಲಿರಬೇಕು, ಅವುಗಳಲ್ಲಿ ಒಂದು ಬೇರೆ ಊರಿನ ಬಂಧುಗಳ ಮನೆಯಲ್ಲಿರಬೇಕು. ಸಿಡಿಲಿಗೆ ಹೆಸರಾದ ನಮ್ಮ ಊರಿನಲ್ಲಿ ಮಳೆಗಾಲದ ಆರಂಭಕ್ಕೆ ಕಂಪ್ಯೂಟರಿಗೆ ಜೋಡಿಸಿಯೇ ಬಿಟ್ಟ ಡಿಸ್ಕು ಎಷ್ಟು ಕ್ಷೇಮವೆಂದು ಎಲ್ಲರಿಗೂ ಗೊತ್ತಿದೆ. ಡಿವಿಡಿಗೆ ಬರೆದಿಟ್ಟು ನಿಶ್ಚಿಂತರಾದವರೂ ಅವುಗಳನ್ನು ಒಮ್ಮೆ ತೆಗೆದು ಓಡಿಸಿ ನೋಡಬೇಕು. ಮನೆಯಲ್ಲಿ ಬರೆದ ಡಿಸ್ಕುಗಳ ಪದರ ಟೇಪಿಗಿಂತಲೂ ಬೇಗ ಕೈಕೊಟ್ಟ ಉದಾಹರಣೆಗಳಿವೆ.

ಇಷ್ಟೆಲ್ಲವನ್ನೂ ಒಂದೊಂದು ಮನೆಯವರೂ ಕಲಿತು, ಕಾರ್ಡು ಕೊಂಡು, ಕೆಟ್ಟ ಕ್ಯಾಮೆರಾಕ್ಕೆ ಬದಲಿ ಹುಡುಕಿ ಮಾಡಬೇಕೆಂದರೆ ಆಗುವ ಮಾತಲ್ಲ. ಅದಕ್ಕಾಗಿಯೇ ನನ್ನ ವಿನಂತಿ ಗ್ರಂಥಾಲಯಗಳಿಗೆ ಮತ್ತು ಶಾಲೆಗಳಿಗೆ. ಕೇರಳದ ಹಳ್ಳಿಹಳ್ಳಿಗಳಲ್ಲಿ ಲೈಬ್ರರಿ ಕೌನ್ಸಿಲ್ಲಿಗೆ ಸೇರಿದ ಗ್ರಂಥಾಲಯಗಳಿವೆ, ಗಡಿಭಾಗದ ಕನ್ನಡ ಗ್ರಂಥಾಲಯಗಳೂ ಅದರಲ್ಲಿ ಸೇರಿವೆ. ಕುಂಬಳೆ, ಬದಿಯಡ್ಕ, ಮಂಜೇಶ್ವರದಂಥ ಕೆಲವೇ ಕಡೆಗಳಲ್ಲಿ ಒಂದೊಂದು ಗ್ರಂಥಾಲಯ ಮುಂದೆ ಬಂದು ಫೈರ್‌ವೈರ್ ಕಾರ್ಡಿರುವ ಒಂದು ಹಳೆಯ ಮೇಜಿನ ಕಂಪ್ಯೂಟರ್, ಓಡುವ ಒಂದು ಮಿನಿ-ಡಿವಿ ಕ್ಯಾಮೆರಾ, ಒಂದು ಡಿಜಿಟಲ್-8 ಕ್ಯಾಮೆರಾ, ಒಂದು ವಿಎಚ್ಎಸ್ ಪ್ಲೇಯರ್, ಒಂದು ಕ್ಯಾಪ್ಚರ್ ಸಾಧನ ಇವಿಷ್ಟನ್ನು ಇಟ್ಟುಕೊಂಡರೆ ಸುತ್ತಲಿನ ಪಂಚಾಯತುಗಳಿಗೆ ಸಾಕು. ಇವುಗಳಲ್ಲಿ ಹೆಚ್ಚಿನವು ನಮ್ಮ ನಿಮ್ಮ ಮನೆಗಳಲ್ಲಿಯೇ ಧೂಳು ತಿನ್ನುತ್ತಿವೆ. ಕೇಳಿದರೆ ಕೊಡುವವರು ಸಿಗುತ್ತಾರೆ. ಕೆಲಸಕ್ಕೆ ಕೈಗಳೂ ಇವೆ. ರಾಜ್ಯದ ಪ್ರೌಢಶಾಲೆಗಳಲ್ಲಿ 2018ರಿಂದ ಲಿಟ್ಲ್ ಕೈಟ್ಸ್ ಎಂಬ ವಿದ್ಯಾರ್ಥಿ ಘಟಕಗಳು ನಡೆಯುತ್ತಿವೆ. ಆ ಮಕ್ಕಳಿಗೆ ಕಂಪ್ಯೂಟರಿನ ತರಬೇತಿ ಶಾಲೆಯಲ್ಲಿಯೇ ಸಿಗುತ್ತದೆ. ಟೇಪು ಹಾಕಿ, ಗಂಟೆಗಟ್ಟಲೆ ಇಳಿಯುವುದನ್ನು ಗಮನಿಸಿ, ಕಡತಕ್ಕೆ ಹೆಸರಿಡುವುದು ಅವರಿಗೆ ಕಷ್ಟದ್ದೇನಲ್ಲ.

ಹೆಸರಿಡುವ ಕೆಲಸಕ್ಕೆ ಮಾತ್ರ ಹಿರಿಯರು ಪಕ್ಕದಲ್ಲಿರಲೇಬೇಕು. ಚಪ್ಪರದಲ್ಲಿ ಕುಳಿತವರು ಯಾರು, ಮದ್ದಳೆ ಬಾರಿಸುತ್ತಿರುವವರು ಯಾರು, ಹಿಂದೆ ಕಾಣುವ ಮನೆ ಯಾವ ತರವಾಡಿನದ್ದು ಎಂದು ಹೇಳಬಲ್ಲವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಟೇಪು ಉಳಿದು ಹೇಳುವವರು ಹೋದರೆ ಅದರಲ್ಲಿರುವವರು ಯಾರೋ ಅಪರಿಚಿತರಾಗಿಬಿಡುತ್ತಾರೆ. ಮಕ್ಕಳು ಅಜ್ಜ ಅಜ್ಜಿಯರೊಡನೆ ಕುಳಿತು ನೋಡುತ್ತಾ, ಅವರು ಹೇಳಿದ್ದನ್ನು ಕನ್ನಡದಲ್ಲಿಯೇ ಒಂದು ಹಾಳೆಯಲ್ಲಿ ನಿಮಿಷದ ಲೆಕ್ಕದೊಡನೆ ಬರೆದು ಕಡತದ ಜತೆ ಇಡಬೇಕು. ಮನೆಯವರ ಒಪ್ಪಿಗೆಯಿಲ್ಲದೆ ಒಂದು ತುಣುಕೂ ವಾಟ್ಸ್‌ಆ್ಯಪಿಗೋ ಯೂಟ್ಯೂಬಿಗೋ ಹೋಗಕೂಡದು ಎಂಬ ನಿಯಮ ಮೊದಲ ದಿನದಿಂದಲೇ ಇರಲಿ. ತಮ್ಮ ಮನೆಯ ಹೆಣ್ಣುಮಕ್ಕಳ, ತೀರಿಹೋದವರ ಚಿತ್ರ ಎಲ್ಲೆಲ್ಲೋ ಹರಿದಾಡೀತೆಂಬ ಭಯವಿದ್ದರೆ ಯಾರೂ ಕಪಾಟಿನ ಬಾಗಿಲು ತೆರೆಯಲಾರರು. ತಾಳಮದ್ದಳೆ, ಸಭೆ, ಉತ್ಸವಗಳಂಥ ಸಾರ್ವಜನಿಕ ಭಾಗದ ಒಂದು ಪ್ರತಿಯನ್ನು ಒಪ್ಪಿಗೆ ಪಡೆದು ಗ್ರಂಥಾಲಯದಲ್ಲಿಟ್ಟು, ಇನ್ನೊಂದನ್ನು ಕಾಸರಗೋಡು ಸರಕಾರಿ ಕಾಲೇಜಿನ ಕನ್ನಡ ವಿಭಾಗಕ್ಕೆ ಕೊಟ್ಟರೆ ಅಧ್ಯಯನ ಮಾಡುವವರಿಗೆ ದೊರೆಯುತ್ತದೆ. ಗಡಿನಾಡಿನ ಕನ್ನಡಕ್ಕಾಗಿ ಕರ್ನಾಟಕ ಸರಕಾರದ ಅಕಾಡೆಮಿಗಳು ಮತ್ತು ಪ್ರಾಧಿಕಾರಗಳು ನೀಡುವ ನೆರವಿನಲ್ಲಿ ಒಂದು ಪಾಲನ್ನು ಸಮಾರಂಭಗಳಿಂದ ಉಳಿಸಿ ಇದಕ್ಕೆ ವಿನಿಯೋಗಿಸಬಹುದೆಂದು ನನ್ನ ಅಭಿಪ್ರಾಯ. ಈ ಯಂತ್ರಗಳಿಗೆ ತಗಲುವ ವೆಚ್ಚ ಒಂದು ದಿನದ ವೇದಿಕೆ, ಶಾಮಿಯಾನ, ಹಾರತುರಾಯಿಗಳ ವೆಚ್ಚಕ್ಕಿಂತ ಹೆಚ್ಚಾಗದು.

ಕೆಲಸಕ್ಕೆ ಸೂಕ್ತ ಕಾಲ ಡಿಸೆಂಬರಿನಿಂದ ಏಪ್ರಿಲ್ ಕೊನೆಯವರೆಗೆ, ಹವೆ ಒಣಗಿರುವಾಗ. ಅಷ್ಟರೊಳಗೆ ಮನೆಯವರು ಮಾಡಬಹುದಾದದ್ದೇನೆಂದರೆ ಕ್ಯಾಸೆಟ್‌ಗಳನ್ನು ಅಟ್ಟದಿಂದ ಇಳಿಸಿ, ನೆಲದ ತೇವ ತಾಗದ ಕಪಾಟಿನಲ್ಲಿ ನಿಲ್ಲಿಸಿಟ್ಟು, ಯಾವುದು ಯಾವ ಸಮಾರಂಭದ್ದೆಂದು ನೆನಪಿದ್ದಷ್ಟನ್ನು ಚೀಟಿಯಲ್ಲಿ ಬರೆದಿಡುವುದು, ಕ್ಯಾಮೆರಾದೊಡನೆ ಬಂದ ಅಡಾಪ್ಟರ್ ಮತ್ತು ಕೇಬಲ್ಲುಗಳನ್ನು ಹುಡುಕಿ ಅದರ ಜತೆಗೇ ಕಟ್ಟಿಡುವುದು. ಫೈರ್‌ವೈರ್ ಕಾರ್ಡು, ಓಡುವ ಕ್ಯಾಮೆರಾ ಅಥವಾ ದುರಸ್ತಿಯ ಅನುಭವ ಇರುವವರು ತಮ್ಮ ಹತ್ತಿರದ ಗ್ರಂಥಾಲಯಕ್ಕೆ ತಿಳಿಸಿದರೆ ಉಪಕಾರವಾಗುತ್ತದೆ. ಈ ಕೆಲಸಕ್ಕೆ ಮುಂದೆ ಬರುವ ಗ್ರಂಥಾಲಯಗಳ ಹೆಸರನ್ನು ತಮ್ಮ ಪತ್ರಿಕೆಯ ಕಾಸರಗೋಡು ಪುಟದಲ್ಲಿ ಆಗಾಗ ಪ್ರಕಟಿಸಬೇಕಾಗಿ ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಓರ್ವ ನಿವೃತ್ತ ಕನ್ನಡ ಅಧ್ಯಾಪಕ,
ಬದಿಯಡ್ಕ, ಕಾಸರಗೋಡು ಜಿಲ್ಲೆ